ಮೂವತ್ತು ರೂಪಾಯಿ ಕೇಕು, ಕಲ್ಲಾದ ಮೈಸೂರು ಪಾಕು

ಮೂವತ್ತು ರೂಪಾಯಿಗೆ ಕೇಕು, ಹತ್ತು ರೂಪಾಯಿಗೆ ಬ್ರೆಡ್ ಜಾಮೂನು, ನಿನ್ನೆಯ ಅನ್ನದಲ್ಲಿ ಮಲ್ಲಿಗೆ ಇಡ್ಲಿ, ಅರ್ಧ ಕಪ್ಪು ತುಪ್ಪದ ಮೈಸೂರು ಪಾಕು. ಫೋನು ತೆರೆದರೆ ಇಂಥ ಉಳಿತಾಯದ ಅಡುಗೆಗಳಿಗೆ ಬರವೇ ಇಲ್ಲ. ಮಾಡಿ ತೋರಿಸುವವರು ಸುಳ್ಳು ಹೇಳುತ್ತಾರೆ ಅಂತಲ್ಲ, ಅವರ ಒಲೆಯ ಮೇಲೆ ಅದು ಆಗಿರಲೂಬಹುದು. ಆದರೆ ಅವರು ಬಾಯಿಬಿಡದ ಕೆಲವು ಸಂಗತಿಗಳು ನಮ್ಮ ಅಡುಗೆಮನೆಗೆ ಬಂದೊಡನೆ ಎದ್ದು ಕುಣಿಯುತ್ತವೆ: ಲೋಟ ಎಷ್ಟು ದೊಡ್ಡದು, ಉರಿ ಎಷ್ಟು ಸಣ್ಣದು, ‘ಮನೆಯಲ್ಲೇ ಇರುತ್ತಲ್ಲ’ ಅಂತ ಲೆಕ್ಕಕ್ಕೇ ಹಿಡಿಯದ ಸಾಮಾನು ಯಾವುದು. ಈ ಅಡುಗೆಗಳನ್ನು ಅಳತೆ ಹಿಡಿದು ಮಾಡಿ ನೋಡಿದರೆ ಯಾವುದು ನಿಲ್ಲುತ್ತದೆ, ಯಾವುದು ಮಲಗುತ್ತದೆ, ಯಾಕೆ ಅನ್ನುವುದು ಇಲ್ಲಿದೆ.

ಲೋಟದ ವಿಷಯ ಮೊದಲು. ಮನೆಯ ಸ್ಟೀಲ್ ಲೋಟ 150 ಮಿ.ಲೀ. ಇರಬಹುದು, 250 ಕೂಡ ಇರಬಹುದು. ಅಳತೆಯ ಕಪ್ಪು 240 ಮಿ.ಲೀ., ಟೀ ಚಮಚ 5, ದೊಡ್ಡ ಚಮಚ 15. ‘ಒಂದಕ್ಕೆ ಎರಡು’ ಅಂತ ಪ್ರಮಾಣದ ಮೇಲೇ ನಡೆಯುವ ಉಪ್ಪಿಟ್ಟು, ಕೇಸರಿಬಾತು, ದೋಸೆಹಿಟ್ಟಿಗೆ ಯಾವ ಲೋಟವಾದರೂ ಆದೀತು, ಎಲ್ಲಕ್ಕೂ ಅದೇ ಲೋಟ ಹಿಡಿದರೆ ಸಾಕು. ತಕರಾರು ಶುರುವಾಗುವುದು ಪೊಟ್ಟಣದ ಸಾಮಾನು ಸೇರಿದಾಗ. ಹೊಟ್ಟೆಯುರಿಗೆ ಕುಡಿಯುವ, ಇಲ್ಲಿ ಹಿಟ್ಟು ಉಬ್ಬಿಸಲು ಹಾಕುವ ಈನೋ ಪೊಟ್ಟಣ ಯಾರ ಮನೆಗೆ ಹೋದರೂ 5 ಗ್ರಾಂ. ಅವರು 250ರ ಲೋಟದ ಹಿಟ್ಟಿಗೆ ಹಾಕಿದ ಪೊಟ್ಟಣವನ್ನೇ ನೀವು 150ರ ಲೋಟದ ಹಿಟ್ಟಿಗೆ ಸುರಿದರೆ ಈನೋ ಒಂದೂವರೆ ಪಾಲಿಗಿಂತ ಹೆಚ್ಚಾಯಿತು. ಕೇಕು ಡಬ್ಬಿಯ ಅಂಚು ದಾಟಿ ಹೊರಗಿನ ಲೋಕ ನೋಡಲು ಬರುವುದು ಹೀಗೆ.

ಗ್ಯಾಸಿನ ಖರ್ಚು ಬಿಟ್ಟರೆಂದು ಮಾತ್ರ ಅವರ ಮೇಲೆ ಸಿಟ್ಟಾಗಬೇಕಿಲ್ಲ. ಮನೆಯ ಸಿಲಿಂಡರಿನಲ್ಲಿ 14.2 ಕೆಜಿ ಅನಿಲ. ಅದಕ್ಕೆ 850 ರೂಪಾಯಿ ಅಂತ ಹಿಡಿದರೆ ಕೆಜಿಗೆ 60 ಬಿತ್ತು. ಸಾಧಾರಣ ಬರ್ನರು ದೊಡ್ಡ ಉರಿಯಲ್ಲಿ ಗಂಟೆಗೆ 150 ಗ್ರಾಂ ಆಸುಪಾಸು ಸುಡುತ್ತದೆ, ಅಂದರೆ ಒಂಬತ್ತು ಹತ್ತು ರೂಪಾಯಿ. ಮುಕ್ಕಾಲು ಗಂಟೆ ತೀರಾ ಸಣ್ಣ ಉರಿಯ ಕೇಕಿಗೆ ಮೂರು ರೂಪಾಯಿ ಸುತ್ತಮುತ್ತ. ಲೆಕ್ಕ ತಪ್ಪಿಸುವುದು ಎಣ್ಣೆ. ‘ಕರಿಯಲು ಎಣ್ಣೆ’ ಅಂತ ಎರಡು ಪದದಲ್ಲಿ ಮುಗಿಸಿ ಅರ್ಧ ಲೀಟರ್ ಬಾಣಲೆಗೆ ಸುರಿಯುತ್ತಾರೆ. ಅದರಲ್ಲಿ ಸ್ವಲ್ಪವೇ ತಿಂಡಿಗೆ ಹೋಗುತ್ತದೆ ನಿಜ, ಆದರೆ ಉಳಿದ ಎಣ್ಣೆಯ ತಳದಲ್ಲಿ ಬ್ರೆಡ್ಡಿನ ಪುಡಿ ಕಪ್ಪಾಗಿ ಕೂತಿರುತ್ತದೆ. ಸೋಸಿಟ್ಟು ಒಗ್ಗರಣೆಗೆ ಬಳಸಿ ಮುಗಿಸುವ ಹೊತ್ತಿಗೆ ವಾರವಿಡೀ ಪಲ್ಯಕ್ಕೆಲ್ಲ ಜಾಮೂನಿನ ವಾಸನೆ.

ಇನ್ನು ಬಿಸ್ಕತ್ತು ಕೇಕು. ಸಾಮಾನ್ಯವಾಗಿ ಕೊಡುವ ಅಳತೆ ಇಷ್ಟು: ಗ್ಲೂಕೋಸ್ ಬಿಸ್ಕತ್ತು 200 ಗ್ರಾಂ ಪುಡಿ ಮಾಡಿ, ಸಕ್ಕರೆ 2 ದೊಡ್ಡ ಚಮಚ, ಹಾಲು ಒಂದು ಕಪ್ಪು, ಈನೋ ಒಂದು ಪೊಟ್ಟಣ. ಕಲಸಿ, ಕುಕ್ಕರಿನಲ್ಲಿಟ್ಟು, ಅರ್ಧ ಗಂಟೆ. ವಿಡಿಯೋದಲ್ಲಿ ಇದು ಬೇಕರಿಯ ಎತ್ತರಕ್ಕೆ ಏಳುತ್ತದೆ. ಮನೆಯಲ್ಲೂ ಏಳುತ್ತದೆ, ಹದಿನೈದನೇ ನಿಮಿಷಕ್ಕೆ ಮುಚ್ಚಳ ಎತ್ತಿ ನೋಡಿದರೆ ಕಣ್ತುಂಬುವ ಹಾಗೆ ಉಬ್ಬಿರುತ್ತದೆ. ನೀವು ಮುಚ್ಚಳ ಎತ್ತಿದ್ದೇ ನೆಪವಾಗಿ ನಡುವೆ ಕುಸಿಯುತ್ತದೆ. ಕೊನೆಗೆ ಕೈಗೆ ಬರುವುದು ಸುತ್ತ ಗೋಡೆ, ನಡುವೆ ಕೆರೆ. ಆ ಹಳ್ಳಕ್ಕೆ ಚಾಕೊಲೇಟ್ ಸುರಿದು ‘ಲಾವಾ ಕೇಕ್’ ಅನ್ನುವ ಜಾಣರೂ ಇದ್ದಾರೆ.

ಕಾರಣ ಸರಳ. ಬಿಸ್ಕತ್ತಿನಲ್ಲಿರುವ ಮೈದಾ ಆಗಲೇ ಕಾರ್ಖಾನೆಯ ಓವನ್ನಿನಲ್ಲಿ ಕೊಬ್ಬು, ಸಕ್ಕರೆ ಜೊತೆ ಬೆಂದು ಬಂದದ್ದು. ಹಸಿ ಮೈದಾ ನೀರು ಕುಡಿದು ಕಟ್ಟುವ ಅಂಟಿನ ಬಲೆಯನ್ನು ಅದು ಮತ್ತೆ ಕಟ್ಟಲಾರದು. ಮೊಟ್ಟೆಯೂ ಇಲ್ಲ. ಈನೋದಿಂದ ಬಂದ ಗಾಳಿಗೆ ಆತುಕೊಳ್ಳಲು ಗೋಡೆಯೇ ಇಲ್ಲದಿದ್ದರೆ ಅದು ಬಂದ ದಾರಿಯಲ್ಲೇ ಹೋಗುತ್ತದೆ. ಕಾಲು ಕಪ್ಪು ಹಸಿ ಮೈದಾ ಜರಡಿ ಹಿಡಿದು ಸೇರಿಸಿದರೆ ಅರ್ಧ ರೋಗ ವಾಸಿ. ಹಾಲನ್ನು ಒಂದೇ ಸಲ ಸುರಿಯಬೇಡಿ, ಮುಕ್ಕಾಲು ಕಪ್ಪು ಹಾಕಿ ಐದು ನಿಮಿಷ ಬಿಡಿ, ಬಿಸ್ಕತ್ತು ಪುಡಿ ಹೀರಿಕೊಂಡ ಮೇಲೆ ಇಡ್ಲಿಹಿಟ್ಟಿನ ಹದಕ್ಕೆ ಬೇಕಾದಷ್ಟು ಮಾತ್ರ ಸೇರಿಸಿ. ನೀರಾದರೆ ತಳದಲ್ಲಿ ಅಂಟಿನ ಪದರ ನಿಲ್ಲುತ್ತದೆ, ಅದು ಎಷ್ಟು ಹೊತ್ತು ಬೇಯಿಸಿದರೂ ಬೇಯುವುದಿಲ್ಲ.

ಈನೋ ಎಂದರೆ ಸೋಡಾ ಮತ್ತು ಸಿಟ್ರಿಕ್ ಆಮ್ಲ ಒಂದೇ ಪೊಟ್ಟಣದಲ್ಲಿ. ಒದ್ದೆ ತಗುಲಿದ ಕ್ಷಣವೇ ಕೆಲಸ ಶುರು, ಕೆಲವೇ ನಿಮಿಷದಲ್ಲಿ ಮುಗಿತಾಯ. ಅದನ್ನು ಹಾಕಿದ ಮೇಲೆ ‘ಡಬ್ಬಿಗೆ ತುಪ್ಪ ಸವರಿದ್ದೀವಾ?’ ಅಂತ ಹುಡುಕಲು ಹೊರಟರೆ ಕೇಕು ಒಲೆ ಹತ್ತುವ ಮೊದಲೇ ಉಬ್ಬಿ, ಇಳಿದು, ವಿಶ್ರಾಂತಿಗೆ ಹೋಗಿರುತ್ತದೆ. ಡಬ್ಬಿ ಸವರಿ, ಪಾತ್ರೆ ಕಾಯಿಸಿ, ಎಲ್ಲ ಸಿದ್ಧವಾದ ಮೇಲೆ ಈನೋ. ನಾಲ್ಕು ಸುತ್ತು ತಿರುವಿ, ಡಬ್ಬಿಯ ಅರ್ಧಕ್ಕೆ ಮಾತ್ರ ಸುರಿದು, ತಕ್ಷಣ ಒಳಗೆ. ಇನ್ನೊಂದು ಮಾತು: ಪೊಟ್ಟಣದ ಮೇಲೆ ಏನು ಬರೆದಿದೆ ನೋಡಿ. ನಿಂಬೆಯದಾದರೆ ಹೇಗೋ ನಡೆಯುತ್ತದೆ. ಓಮದ ಪರಿಮಳದ್ದು ಬಿದ್ದರೆ ಚಾಕೊಲೇಟ್ ಕೇಕು ತಿಂದವರಿಗೆಲ್ಲ ಹೊಟ್ಟೆ ಹಗುರವಾದ ಭಾವನೆ ಬರುತ್ತದೆ, ರುಚಿಯ ವಿಷಯ ಯಾರೂ ಎತ್ತುವುದಿಲ್ಲ.

ಕುಕ್ಕರಿನ ವಿಷಯದಲ್ಲಿ ತಮಾಷೆ ಇಲ್ಲ. ನೀರಿಲ್ಲದೆ ಕಾಯಿಸುವಾಗ ಮುಚ್ಚಳದ ರಬ್ಬರು ಮತ್ತು ವೆಯ್ಟು ಎರಡನ್ನೂ ತೆಗೆದಿರಲೇಬೇಕು. ಇಲ್ಲವಾದರೆ ರಬ್ಬರು ಸುಟ್ಟು ನಾರುತ್ತದೆ, ಸೇಫ್ಟಿ ವಾಲ್ವು ಕರಗಿ ಹೋಗುತ್ತದೆ. ತೆಳು ತಳದ ಅಲ್ಯುಮಿನಿಯಂ ಕುಕ್ಕರು ಒಣ ಬಿಸಿಗೆ ಸೊಟ್ಟಗಾಗುವುದೂ ಉಂಟು, ಮೂವತ್ತು ರೂಪಾಯಿ ಕೇಕಿಗೆ ಸಾವಿರಾರು ರೂಪಾಯಿಯ ಕುಕ್ಕರು ಬಲಿ. ದಪ್ಪ ತಳದ ಹಳೆಯ ಬಾಣಲೆ, ಬಿಗಿಯಾದ ಮುಚ್ಚಳ ಇದ್ದರೆ ಅದೇ ಮೇಲು. ತಳಕ್ಕೆ ಒಂದು ಕಪ್ಪು ಕಲ್ಲುಪ್ಪು ಹರಡಿ, ಮೇಲೊಂದು ಸ್ಟ್ಯಾಂಡು, ಎಂಟು ನಿಮಿಷ ಮಧ್ಯಮ ಉರಿಯಲ್ಲಿ ಕಾಯಿಸಿ, ಡಬ್ಬಿ ಇಟ್ಟ ಮೇಲೆ ಉರಿ ತೀರಾ ಸಣ್ಣಗೆ. ಮೊದಲ 25 ನಿಮಿಷ ಮುಚ್ಚಳ ಮುಟ್ಟಬಾರದು. 35 ರಿಂದ 40 ನಿಮಿಷಕ್ಕೆ ಚುಚ್ಚಿದ ಕಡ್ಡಿ ಒಣಗಿ ಬರಬೇಕು. ಆ ಉಪ್ಪು ಮುಂದೆ ಕೇಕಿಗೆ ಮಾತ್ರ, ಸಾರಿಗಲ್ಲ.

ಖರ್ಚು? ಬಿಸ್ಕತ್ತಿಗೆ ಇಪ್ಪತ್ತರ ಮೇಲೆ, ಹಾಲಿಗೆ ಹನ್ನೊಂದು ಹನ್ನೆರಡು, ಈನೋಗೆ ಹತ್ತು, ಸಕ್ಕರೆ, ಮೈದಾ, ಸವರಲು ತುಪ್ಪ, ಗ್ಯಾಸು. ಐವತ್ತರ ಹತ್ತಿರ ಹೋಗಿ ನಿಲ್ಲುತ್ತದೆ. ಆದರೂ ಅಗ್ಗವೇ, ಮಕ್ಕಳು ತಿನ್ನುತ್ತಾರೆ. ಇದನ್ನು ನಾನು ತಳ್ಳಿಹಾಕುವುದಿಲ್ಲ, ಮೂವತ್ತು ಅಂದದ್ದಕ್ಕೆ ಮಾತ್ರ ಆಕ್ಷೇಪ.

ಸೋಡಾ ಮಾತು ಬಂದಾಗ ಢೋಕ್ಲಾದ ಕೆಂಪು ಚುಕ್ಕೆಗಳನ್ನೂ ಹೇಳಿಬಿಡಬೇಕು. ಕಡಲೆಹಿಟ್ಟು ಒಂದು ಕಪ್ಪು, ಧಾರಾಳ ಅರಿಶಿನ, ಅಡುಗೆ ಸೋಡಾ ಒಂದು ಟೀ ಚಮಚ ಅಂತ ಹೇಳಿರುತ್ತಾರೆ. ಹಬೆಯಲ್ಲಿ ಬೆಂದು ಹೊರಬಂದ ಢೋಕ್ಲಾ ಮೈತುಂಬ ಕುಂಕುಮ ಇಟ್ಟುಕೊಂಡಿರುತ್ತದೆ. ಅರಿಶಿನಕ್ಕೆ ಕ್ಷಾರ ತಗುಲಿದರೆ ಕೆಂಪಾಗುತ್ತದೆ. ಅರಿಶಿನದ ನೀರಿಗೆ ಸುಣ್ಣ ಬೆರೆಸಿ ಆರತಿಯ ಓಕುಳಿ ಮಾಡುವ ನಮಗೆ ಇದೇನು ಹೊಸ ವಿದ್ಯೆಯಲ್ಲ. ಸೋಡಾ ಹೆಚ್ಚಾಗಿದೆ, ಅಥವಾ ಕರಗದೆ ಅಲ್ಲಲ್ಲಿ ಗಂಟಾಗಿ ಕೂತಿದೆ ಅಂತಲೇ ಅರ್ಥ. ಒಂದು ಕಪ್ಪು ಹಿಟ್ಟಿಗೆ ಅರಿಶಿನ ಎರಡು ಚಿಟಿಕೆ, ಅಡುಗೆ ಸೋಡಾ ಅರ್ಧ ಟೀ ಚಮಚ ಮೀರಬಾರದು, ಹುಳಿಗೆ ಒಂದು ದೊಡ್ಡ ಚಮಚ ನಿಂಬೆರಸ ಇರಬೇಕು, ಸೋಡಾವನ್ನು ಒಂದು ಚಮಚ ನೀರಲ್ಲಿ ಕರಗಿಸಿ ಹಾಕಬೇಕು. ಚುಕ್ಕೆ ಬಂದ ಢೋಕ್ಲಾ ತಿಂದರೆ ಏನೂ ಆಗದು, ಸಾಬೂನಿನ ರುಚಿ ಮಾತ್ರ ನಾಲಗೆಯ ಮೇಲೆ ಕೂರುತ್ತದೆ.

ನಿನ್ನೆಯ ಅನ್ನದ ಇಡ್ಲಿಗೆ ಉದ್ದಿನಬೇಳೆ ಬೇಡವಂತೆ, ನೆನೆಸುವುದು ಬೇಡವಂತೆ, ಹುಳಿ ಬರಿಸುವುದೂ ಬೇಡವಂತೆ. ಅನ್ನ ಒಂದು ಕಪ್ಪು, ರವೆ ಒಂದು ಕಪ್ಪು, ಮೊಸರು ಮುಕ್ಕಾಲು ಕಪ್ಪು, ರುಬ್ಬಿ, ಈನೋ ಹಾಕಿ, ಹಬೆಗಿಡಿ. ತಟ್ಟೆಯಲ್ಲಿ ಬಿಳಿಯಾಗಿ, ದುಂಡಾಗಿ, ಫೋಟೋಕ್ಕೆ ಸರಿಯಾಗಿ ಬರುತ್ತದೆ. ಬಾಯಿಗಿಟ್ಟ ಮೇಲೆ ಮೇಲ್ದವಡೆಗೂ ಕೆಳದವಡೆಗೂ ಸಂಧಾನವಾಗುತ್ತದೆ. ಬೆಂದ ಅನ್ನವನ್ನು ಮಿಕ್ಸಿಯಲ್ಲಿ ತಿರುವಿದರೆ ಪಿಷ್ಟವೆಲ್ಲ ಹೊರಬಂದು ಅಂಟಾಗುತ್ತದೆ, ಹೆಚ್ಚು ತಿರುವಿದಷ್ಟೂ ಹೆಚ್ಚು ಅಂಟು. ಇಡ್ಲಿಯಲ್ಲಿ ಗಾಳಿ ಹಿಡಿದಿಡುವುದು ಉದ್ದಿನ ಲೋಳೆ ಮತ್ತು ಅದರ ಪ್ರೋಟೀನು. ಅದನ್ನು ಕೈಬಿಟ್ಟ ಮೇಲೆ ಈನೋ ಎಷ್ಟು ಹಾಕಿದರೂ ಉಬ್ಬುವುದು ಹಬೆಯಲ್ಲಿರುವಷ್ಟು ಹೊತ್ತು ಮಾತ್ರ.

ಅದೇ ಹಿಟ್ಟನ್ನು ದೋಸೆ ಮಾಡಿದರೆ ಮಾತು ಬೇರೆ. ಅನ್ನ ಒಂದು ಕಪ್ಪು, ಚಿರೋಟಿ ರವೆ ಅರ್ಧ, ಅಕ್ಕಿಹಿಟ್ಟು ಅರ್ಧ, ಹುಳಿಮೊಸರು ಅರ್ಧ, ಉಪ್ಪು, ಸುಮಾರು ಒಂದು ಕಪ್ಪು ನೀರು. ನುಣ್ಣಗೆ ರುಬ್ಬಿ ಇಪ್ಪತ್ತು ನಿಮಿಷ ಬಿಟ್ಟು, ಚೆನ್ನಾಗಿ ಕಾದ ಕಾವಲಿಗೆ ಸೆಟ್ ದೋಸೆಯ ದಪ್ಪಕ್ಕೆ ಹಾಕಿ ಮುಚ್ಚಿ ಬೇಯಿಸಿ. ಕಾವಲಿಯ ಬಿಸಿಗೆ ತಳ ಗರಿಯಾಗುತ್ತದೆ, ಅಂಟಿನ ದೋಷ ಮೆತ್ತಗಿನ ಗುಣವಾಗಿ ಬದಲಾಗುತ್ತದೆ. ಇಡ್ಲಿಯೇ ಬೇಕೆಂದರೆ ಉದ್ದು ಒಂದು, ಇಡ್ಲಿ ರವೆ ಎರಡು ಎಂಬ ಹಳೆಯ ಲೆಕ್ಕಕ್ಕೇ ಕಾಲು ಕಪ್ಪು ಅನ್ನ ಸೇರಿಸಿ ರುಬ್ಬಿ. ಅನ್ನಕ್ಕೆ ಅಲ್ಲಿ ಸಿಗಬೇಕಾದ ಪಾತ್ರ ಅಷ್ಟೇ. ಅಂದಹಾಗೆ ನಿನ್ನೆಯ ಅನ್ನ ಎಂದರೆ ನಿನ್ನೆ ಫ್ರಿಜ್ಜಿಗೆ ಸೇರಿದ ಅನ್ನ. ಬೆಂದ ಅನ್ನದಲ್ಲೂ ಬದುಕುಳಿಯುವ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಾಣು ಸೆಕೆಯ ಅಡುಗೆಮನೆಯಲ್ಲಿ ರಾತ್ರಿಯಿಡೀ ಬೆಳೆದು ವಿಷ ಬಿಡಬಲ್ಲದು. ವಾಂತಿ ಬರಿಸುವ ಆ ವಿಷ ಮರುಬಿಸಿಗೆ ಜಗ್ಗುವುದಿಲ್ಲ. ಎರಡು ಗಂಟೆಯೊಳಗೆ ಅಗಲ ಪಾತ್ರೆಯಲ್ಲಿ ಆರಿಸಿ ಒಳಗಿಡಿ.

ಬ್ರೆಡ್ ಜಾಮೂನು ನನ್ನ ಮಟ್ಟಿಗೆ ಈ ಪಟ್ಟಿಯ ಅತಿ ದೊಡ್ಡ ನಾಟಕ. ಆರು ಹೋಳು ಬ್ರೆಡ್ಡಿನ ಅಂಚು ಕತ್ತರಿಸಿ, ಪುಡಿ ಮಾಡಿ, ಹಾಲು ಹಾಕಿ ಕಲಸಿ, ಉಂಡೆ ಕಟ್ಟಿ, ಕರಿದು, ಪಾಕಕ್ಕೆ. ಮೊದಲನೇ ಅಂಕದಲ್ಲಿ ಉಂಡೆ ಎಣ್ಣೆಯಲ್ಲಿ ಬಿರುಕು ಬಿಟ್ಟು ಹೂವಾಗುತ್ತದೆ. ಎರಡನೇ ಅಂಕದಲ್ಲಿ ಹೊರಗೆ ಕಪ್ಪು, ಒಳಗೆ ಹಸಿ ಬ್ರೆಡ್ಡು. ಮೂರನೇ ಅಂಕದಲ್ಲಿ ಪಾಕದೊಳಗೆ ಬಿದ್ದು ಒಂದು ಗಂಟೆಯಲ್ಲಿ ಕರಗಿ, ಸೌಟು ಹಾಕಿ ಎತ್ತಲು ಹೋದರೆ ಪಾಯಸ. ಹಾಲು ಹೆಚ್ಚಾದರೆ ಎಣ್ಣೆ ಕುಡಿಯುತ್ತದೆ, ಕಡಿಮೆಯಾದರೆ ಬಿರಿಯುತ್ತದೆ, ಚಪಾತಿ ಹಿಟ್ಟಿನ ಹಾಗೆ ನಾದಿದರೆ ರಬ್ಬರಾಗುತ್ತದೆ.

ಮಾಡಲೇಬೇಕೆಂದರೆ ಹಾಲನ್ನು ಚಮಚದಲ್ಲಿ ಹಾಕಿ, ಒಟ್ಟು 4 ದೊಡ್ಡ ಚಮಚದ ಸುತ್ತ ಸಾಕಾಗುತ್ತದೆ. ಜೊತೆಗೆ 2 ದೊಡ್ಡ ಚಮಚ ಹಾಲಿನ ಪುಡಿ. ನಾದದೆ ಬೆರಳ ತುದಿಯಲ್ಲಿ ಒಟ್ಟುಗೂಡಿಸಿ ಹತ್ತು ನಿಮಿಷ ಮುಚ್ಚಿಡಿ. ಗೋಲಿ ಗಾತ್ರಕ್ಕಿಂತ ದೊಡ್ಡ ಉಂಡೆ ಬೇಡ, ಮೈಮೇಲೆ ಒಂದು ಗೆರೆಯೂ ಇರಬಾರದು. ಒಂದು ಚೂರು ಹಾಕಿದರೆ ಅದು ತಳ ಮುಟ್ಟಿ ನಿಧಾನವಾಗಿ ಮೇಲೆ ಬರಬೇಕು, ಎಣ್ಣೆ ಅಷ್ಟು ಮಾತ್ರ ಕಾದಿರಬೇಕು. ಸಕ್ಕರೆ ಒಂದು ಕಪ್ಪು, ನೀರು ಒಂದು ಕಪ್ಪು, ಐದಾರು ನಿಮಿಷ ಕುದಿಸಿ ಬೆರಳಿಗೆ ಅಂಟು ಬಂದರೆ ಸಾಕು, ಎಳೆ ಬರಬಾರದು. ಪಾಕ ಉಗುರುಬೆಚ್ಚಗಿರಲಿ. ಇಪ್ಪತ್ತು ನಿಮಿಷ ನೆನೆಸಿ ಬಡಿಸಿಬಿಡಿ. ಸಂಜೆ ಬರುವ ನೆಂಟರಿಗೆ ಅಂತ ಬೆಳಗ್ಗೆ ಮಾಡಿಟ್ಟರೆ ಸಂಜೆ ಹೊತ್ತಿಗೆ ಹೆಸರು ಬದಲಿಸಬೇಕಾಗುತ್ತದೆ. ಬ್ರೆಡ್ಡು, ಸಕ್ಕರೆ, ಎಣ್ಣೆ, ಹಾಲಿನ ಪುಡಿ ಕೂಡಿಸಿ ನೋಡಿ, ಹತ್ತು ರೂಪಾಯಿ ಅಂದವರು ಬ್ರೆಡ್ಡನ್ನು ಪಕ್ಕದ ಮನೆಯಿಂದ ತಂದಿರಬೇಕು. ಜಾಮೂನು ಮಿಕ್ಸಿನ ಪೊಟ್ಟಣಕ್ಕೂ ಇದಕ್ಕೂ ಹೇಳಿಕೊಳ್ಳುವಂಥ ಅಂತರ ಉಳಿಯುವುದಿಲ್ಲ.

ಮೈಸೂರು ಪಾಕಿನಲ್ಲಿ ತುಪ್ಪ ಉಳಿಸುವ ಆಸೆ ಎಲ್ಲರಿಗೂ ಇದೆ, ನ್ಯಾಯವೂ ಹೌದು. ಕಡಲೆಹಿಟ್ಟು ಒಂದು ಕಪ್ಪಿಗೆ ಸಕ್ಕರೆ ಒಂದೂವರೆಯಿಂದ ಎರಡು, ತುಪ್ಪ ಒಂದೂವರೆಯಿಂದ ಎರಡು ಅಥವಾ ಅದಕ್ಕೂ ಹೆಚ್ಚು. ಇದು ಬಡವರ ಲೆಕ್ಕವಲ್ಲ. ಉಳಿತಾಯದ ಪಾಠದಲ್ಲಿ ತುಪ್ಪ ಅರ್ಧ ಕಪ್ಪಿಗೆ ಇಳಿಯುತ್ತದೆ, ಕೊರತೆ ತುಂಬಲು ಹಾಲು ಬರುತ್ತದೆ. ಇಲ್ಲೇ ಎಡವಟ್ಟು. ತುಪ್ಪ ಅಲ್ಲಿ ರುಚಿಗಷ್ಟೇ ಇರುವುದಲ್ಲ. ಹೊಗೆಯ ಹತ್ತಿರಕ್ಕೆ ಕಾದ ತುಪ್ಪ ಬಿದ್ದಾಗ ಪಾಕದ ನೀರು ಭುಗ್ಗೆಂದು ಆವಿಯಾಗುತ್ತದೆ, ಆ ನೊರೆಯಲ್ಲೇ ಹಿಟ್ಟು ಹುರಿಯುತ್ತದೆ, ಆವಿ ಹೋದ ದಾರಿಯೇ ತೂತುಗಳಾಗಿ ಉಳಿಯುತ್ತದೆ. ಹಾಲು ಹಾಕಿದರೆ ನೀವು ಓಡಿಸಬೇಕಾದ ನೀರನ್ನೇ ಮತ್ತೆ ಕರೆದು ಕೂರಿಸಿದಂತಾಯಿತು. ಅದು ಗಟ್ಟಿಯಾಗಲಿ ಅಂತ ತಿರುವುತ್ತಾ ಹೋದರೆ ಪಾಕ ಎಳೆಯ ಹದ ದಾಟಿ ಉಂಡೆಯ ಹದಕ್ಕೆ ಹೋಗುತ್ತದೆ. ಆರಿದ ಮೇಲೆ ಚಾಕು ಇಳಿಯುವುದಿಲ್ಲ, ಕುಟ್ಟಾಣಿ ಬೇಕು. ಹೆದರಿ ಬೇಗ ಇಳಿಸಿದರೆ ಚಮಚದಲ್ಲಿ ತಿನ್ನುವ ಹಸಿ ವಾಸನೆಯ ಹಲ್ವ.

ತುಪ್ಪ ಉಳಿಸುವ ದಾರಿ ಇಲ್ಲದಿಲ್ಲ. ಒಟ್ಟು ಜಿಡ್ಡು ಒಂದೂವರೆ ಕಪ್ಪು ಇರಲೇಬೇಕು, ಅದರಲ್ಲಿ ಅರ್ಧ ತುಪ್ಪ, ಅರ್ಧ ವಾಸನೆಯಿಲ್ಲದ ರಿಫೈನ್ಡ್ ಎಣ್ಣೆ. ಎಣ್ಣೆ ಅದಕ್ಕಿಂತ ಹೆಚ್ಚಾದರೆ ಆರಿದ ಮೇಲೂ ಹೆಪ್ಪುಗಟ್ಟದೆ ಡಬ್ಬಿಯ ತಳದಲ್ಲಿ ಜಿನುಗುತ್ತದೆ. ಪೂರಾ ವನಸ್ಪತಿ ಹಾಕಿದರೆ ಚೆನ್ನಾಗಿ ಹೆಪ್ಪುಗಟ್ಟುತ್ತದೆ, ಆಮೇಲೆ ಅಂಗುಳಿನ ಮೇಲೂ ಹೆಪ್ಪುಗಟ್ಟುತ್ತದೆ. ಹಿಟ್ಟನ್ನು ಜರಡಿ ಹಿಡಿದು ಎರಡು ಚಮಚ ಜಿಡ್ಡಿನಲ್ಲಿ ಹಸಿ ವಾಸನೆ ಹೋಗುವಷ್ಟು ಹುರಿದಿಡಿ. ಸಕ್ಕರೆ ಒಂದೂವರೆ ಕಪ್ಪಿಗೆ ನೀರು ಅರ್ಧ ಕಪ್ಪು, ಒಂದೆಳೆ ಪಾಕ ಬಂದ ಕೂಡಲೇ ಹಿಟ್ಟು ಉದುರಿಸಿ ಗಂಟಿಲ್ಲದೆ ತಿರುವಿ. ಪಕ್ಕದ ಒಲೆಯಲ್ಲಿ ಜಿಡ್ಡು ಕಾಯುತ್ತಲೇ ಇರಲಿ, ಒಂದೊಂದೇ ಸೌಟು ಹಾಕುವಾಗ ಚುರ್ರ್ ಅನ್ನಬೇಕು. ಅನ್ನದಿದ್ದರೆ ಜಿಡ್ಡು ತಣಿದಿದೆ. ಜಿಡ್ಡು ಬಿಡುತ್ತಾ, ನೊರೆ ಕಟ್ಟಿ, ಬಣ್ಣ ತಿರುಗಿದ ಕ್ಷಣ ಸವರಿದ ತಟ್ಟೆಗೆ ಸುರಿದುಬಿಡಿ. ಬೆಚ್ಚಗಿರುವಾಗಲೇ ಗೆರೆ ಹಾಕಿ.

ಇಷ್ಟೆಲ್ಲ ಕುಸಿತ ನೋಡಿದ ಮೇಲೆ ಒಂದು ನಮೂನೆ ಕಣ್ಣಿಗೆ ಬೀಳುತ್ತದೆ. ದುಬಾರಿ ತಿಂಡಿಯ ವೇಷ ಹಾಕಿಕೊಂಡ ಅಗ್ಗದ ಅಡುಗೆ ಬೀಳುತ್ತದೆ, ತನ್ನದೇ ರೂಪ ಹಿಡಿದದ್ದು ನಿಲ್ಲುತ್ತದೆ. ರವೆ ಇಡ್ಲಿಯನ್ನೇ ತೆಗೆದುಕೊಳ್ಳಿ. ಎರಡನೇ ಮಹಾಯುದ್ಧದ ಕಾಲದಲ್ಲಿ ಅಕ್ಕಿ ಸಿಗದಾದಾಗ ರವೆಯಲ್ಲಿ ಇಡ್ಲಿ ಮಾಡಿದೆವು ಅಂತ ಬೆಂಗಳೂರಿನ ಎಂಟಿಆರ್‌ನವರು ಹೇಳುತ್ತಾರೆ. ಅವರು ಅದನ್ನು ಅಕ್ಕಿ ಇಡ್ಲಿಯಂತೆ ಬಿಳಿಯಾಗಿ, ನುಣ್ಣಗೆ ಮಾಡಲು ಹೋಗಲಿಲ್ಲ. ರವೆ ಹುರಿದರು, ಒಗ್ಗರಣೆ ಕೊಟ್ಟರು, ಗೋಡಂಬಿ ಇಟ್ಟರು, ಪಕ್ಕಕ್ಕೆ ಆಲೂಗಡ್ಡೆ ಸಾಗು ಕೊಟ್ಟರು. ಕೊರತೆಯ ಕೂಸು ಇವತ್ತು ಅಕ್ಕಿ ಇಡ್ಲಿಗಿಂತ ಹೆಚ್ಚು ಬೆಲೆಗೆ ಮಾರುತ್ತದೆ.

ಮನೆಯಲ್ಲಿ ಅದು ಕೆಡುವುದೂ ಒಂದೆರಡು ಕಡೆ ಮಾತ್ರ. ಉಪ್ಪಿಟ್ಟಿನ ರವೆ ಒಂದು ಕಪ್ಪು, ಒಗ್ಗರಣೆಯಲ್ಲೇ ಘಮ್ಮೆನ್ನುವ ತನಕ ಹುರಿದು ಪೂರ್ತಿ ಆರಿಸಿ. ಬಿಸಿ ರವೆಗೆ ಮೊಸರು ಸುರಿದರೆ ಗಂಟು. ಹುಳಿಮೊಸರು ಒಂದು ಕಪ್ಪು, ನೀರು ಕಾಲು ಕಪ್ಪು, ಇಪ್ಪತ್ತು ನಿಮಿಷ ನೆನೆಯಲಿ. ರವೆ ನೀರು ಕುಡಿದು ಬಿಗಿಯಾಗಿರುತ್ತದೆ, ಮತ್ತೆ ಸ್ವಲ್ಪ ನೀರು ಹಾಕಿ ಹದ ಮಾಡಿ. ಕೊನೆಗೆ ಅಡುಗೆ ಸೋಡಾ ಕಾಲು ಟೀ ಚಮಚ, ಕುದಿಯುತ್ತಿರುವ ಪಾತ್ರೆಗೆ, ಹನ್ನೆರಡು ನಿಮಿಷ. ಗೋಡಂಬಿ ಬದಲು ಶೇಂಗಾ ಇಟ್ಟರೂ ಯಾರೂ ಕೇಸು ಹಾಕುವುದಿಲ್ಲ.

ತೊಗರಿಬೇಳೆಯ ಬದಲು ಚನ್ನಂಗಿ ಬೇಳೆ ಹಾಕಿ ಸಾರು ಮಾಡುವ ಸಲಹೆಯೂ ಹೀಗೇ, ಒಪ್ಪಿಕೊಂಡರೆ ಒಳ್ಳೆಯದು. ತೊಗರಿಯ ಲೆಕ್ಕಕ್ಕೆ ನಾಲ್ಕು ಕೂಗು ಕೂಗಿಸಿದರೆ ಚನ್ನಂಗಿ ಪೂರಾ ಗಂಜಿಯಾಗುತ್ತದೆ, ಆರಿದ ಸಾರನ್ನು ಚಾಕುವಿನಲ್ಲಿ ಕತ್ತರಿಸಬಹುದು. ತೆರೆದ ಪಾತ್ರೆಯಲ್ಲಿ ಹದಿನೈದಿಪ್ಪತ್ತು ನಿಮಿಷಕ್ಕೆ ಬೇಯುವ ಬೇಳೆ ಅದು. ನಾಲ್ಕು ಜನಕ್ಕೆ ಕಾಲು ಕಪ್ಪು ಸಾಕು. ಅದರ ಮಣ್ಣಿನ ವಾಸನೆಗೆ ಬೆಳ್ಳುಳ್ಳಿ, ಜೀರಿಗೆ ಒಂದು ಕೈ ಮುಂದಿರಲಿ, ತೊಗರಿಯ ರುಚಿ ಹುಡುಕಬೇಡಿ. ಬೇಳೆಯೇ ಬೇಡವೆಂದರೆ ಗೊಡ್ಡು ಸಾರು ಇದ್ದೇ ಇದೆ. ನೆಲ್ಲಿಕಾಯಿ ಗಾತ್ರದ ಹುಣಸೆ, ಕಿವುಚಿದ ಎರಡು ಟೊಮೆಟೊ, ಸಾರಿನ ಪುಡಿ ಎರಡು ಟೀ ಚಮಚ, ಚೂರು ಬೆಲ್ಲ, ಮೂರು ಕಪ್ಪು ನೀರು. ಹಸಿ ವಾಸನೆ ಹೋಗುವಷ್ಟು ಕುದಿಸಿ, ನೊರೆ ಕಟ್ಟಿದ ಮೇಲೆ ಇಳಿಸಿ, ತುಪ್ಪದಲ್ಲಿ ಸಾಸಿವೆ, ಇಂಗು, ಕರಿಬೇವು. ಇದನ್ನು ಯಾರೂ ‘ಬಜೆಟ್ ರೆಸಿಪಿ’ ಅಂತ ತೋರಿಸುವುದಿಲ್ಲ, ತೋರಿಸಲು ಇದರಲ್ಲಿ ಪವಾಡವೇ ಇಲ್ಲ.

ಸೋಯಾ ಉಂಡೆಗಳ ‘ಮಟನ್ ಸಾರು’ ಬಗ್ಗೆ: ಮಟನ್ ಅನ್ನುವ ಪದ ತೆಗೆದರೆ ಒಳ್ಳೆಯ ಸಾರು. ಒಣ ಸೋಯಾದ ತೂಕದಲ್ಲಿ ಅರ್ಧದಷ್ಟು ಪ್ರೋಟೀನು, ಬೆಲೆಗೆ ಅದನ್ನು ಮೀರಿಸುವುದು ಕಷ್ಟ. ಕೆಡುವುದು ನೇರ ಮಸಾಲೆಗೆ ಹಾಕಿದಾಗ. ಅದು ಎರಡು ಮೂರು ಪಟ್ಟು ನೀರು ಕುಡಿಯುವ ಸಾಮಾನು, ಬಡಿಸುವ ಹೊತ್ತಿಗೆ ಸಾರೆಲ್ಲ ಉಂಡೆಯ ಹೊಟ್ಟೆಯಲ್ಲಿರುತ್ತದೆ, ಹಸಿ ಕಾಳಿನ ವಾಸನೆ ಮಾತ್ರ ಪಾತ್ರೆಯಲ್ಲಿ. ಉಪ್ಪು ನೀರಲ್ಲಿ ಐದು ನಿಮಿಷ ಕುದಿಸಿ, ತಣ್ಣೀರಿನಲ್ಲಿ ಎರಡು ಸಲ ತೊಳೆದು ಗಟ್ಟಿಯಾಗಿ ಹಿಂಡಿ, ಎಣ್ಣೆಯಲ್ಲಿ ಅಂಚು ಕೆಂಪಾಗುವಷ್ಟು ಹುರಿದು ಆಮೇಲೆ ಮಸಾಲೆಗೆ ಹಾಕಿ.

ಕಾಯಿ ಉಳಿಸಲು ಚಟ್ನಿಗೆ ಹುರಿಗಡಲೆ ಹಾಕುವುದು ಹೋಟೆಲುಗಳ ಹಳೆಯ ದಾರಿ. ಕಾಯಿತುರಿ ಅರ್ಧ ಕಪ್ಪಿಗೆ ಹುರಿಗಡಲೆ ಕಾಲು ಕಪ್ಪು ತನಕ ಸರಿ. ಅದು ತಿರುಗುಮುರುಗಾದರೆ ಒಂದು ಗಂಟೆಯಲ್ಲಿ ಚಟ್ನಿಯೊಳಗೆ ಚಮಚ ನೆಟ್ಟಗೆ ನಿಲ್ಲುತ್ತದೆ. ಗೋಡಂಬಿಯ ಬದಲು ಗ್ರೇವಿಗೆ ಒಂದು ದೊಡ್ಡ ಚಮಚ ಹುರಿಗಡಲೆ ಅಥವಾ ಹುರಿದ ಶೇಂಗಾ ಕೂಡ ನಿಶ್ಚಿಂತೆ.

ಮನೆಯ ಪನೀರು ಅಂದುಕೊಂಡಷ್ಟು ಅಗ್ಗವೇನಲ್ಲ. ಶೇ. 3 ಕೊಬ್ಬಿನ ಟೋನ್ಡ್ ಹಾಲು ಒಂದು ಲೀಟರಿಗೆ 130ರಿಂದ 150 ಗ್ರಾಂ ಸಿಕ್ಕರೆ ಹೆಚ್ಚು, 200 ಗ್ರಾಂ ಪೊಟ್ಟಣಕ್ಕೆ ಸಮ ಮಾಡಲು ಒಂದೂವರೆ ಲೀಟರ್ ಬೇಕು. ಕಾರ್ನ್‌ಫ್ಲೋರಿನ ಐಸ್‌ಕ್ರೀಮಿಗೂ ಅದೇ ಹಾಲು. ಕೊಬ್ಬು ಕಡಿಮೆ, ನೀರು ಜಾಸ್ತಿ, ಹಾಗಾಗಿ ಬೆಳಗಾಗುವಷ್ಟರಲ್ಲಿ ಸಿಹಿ ಮಂಜುಗಡ್ಡೆ. ಅರ್ಧ ಲೀಟರಿಗೆ ನಾಲ್ಕು ದೊಡ್ಡ ಚಮಚ ಹಾಲಿನ ಪುಡಿ ಸೇರಿಸಿ, ಅರೆಗಟ್ಟಿಯಾದಾಗ ಎರಡು ಸಲ ಮಿಕ್ಸಿಯಲ್ಲಿ ತಿರುವಿದರೆ ಚಮಚ ಇಳಿಯುತ್ತದೆ.

ಪಡಿತರದ ಅಕ್ಕಿಯಲ್ಲಿ ಅಡುಗೆ ಮಾಡಿ ತೋರಿಸುವವರು ‘ಪ್ಲಾಸ್ಟಿಕ್ ಅಕ್ಕಿ ಆರಿಸಿ ಎಸೆಯಿರಿ’ ಅನ್ನುವುದನ್ನು ಕೇಳಿರಬಹುದು. ತೊಳೆಯುವಾಗ ತೇಲುವ, ಬಣ್ಣ ಸ್ವಲ್ಪ ಬೇರೆಯಾದ ಆ ಕಾಳುಗಳು ಸಾರವರ್ಧಿತ ಅಕ್ಕಿ: ಅಕ್ಕಿಹಿಟ್ಟಿಗೆ ಕಬ್ಬಿಣ, ಫೋಲಿಕ್ ಆಮ್ಲ, ಬಿ12 ಸೇರಿಸಿ ಕಾಳಿನ ರೂಪ ಕೊಟ್ಟದ್ದು, ನೂರು ಕಾಳು ಅಕ್ಕಿಗೆ ಒಂದರ ಲೆಕ್ಕದಲ್ಲಿ ಬೆರೆಸುತ್ತಿದ್ದರು. ಎಸೆದರೆ ಪುಕ್ಕಟೆ ಬಂದ ಪೌಷ್ಟಿಕಾಂಶವನ್ನೇ ಎಸೆದಂತೆ.

ಕೆಟ್ಟದ್ದನ್ನು ಏನು ಮಾಡುವುದು? ಅನ್ನದ ಇಡ್ಲಿ ಫ್ರಿಜ್ಜಿನಲ್ಲಿ ಒಂದು ರಾತ್ರಿ ಕಳೆದರೆ ಅಂಟು ಕಡಿಮೆಯಾಗುತ್ತದೆ, ಚೌಕ ಕತ್ತರಿಸಿ ಈರುಳ್ಳಿ ಒಗ್ಗರಣೆಯಲ್ಲಿ ಹುರಿದರೆ ಸಂಜೆಯ ತಿಂಡಿ. ಕುಸಿದ ಕೇಕನ್ನು ಉದುರಿಸಿ, ಒಣ ಕೊಬ್ಬರಿ, ಒಂದು ಚಮಚ ತುಪ್ಪ ಸೇರಿಸಿ ಉಂಡೆ ಕಟ್ಟಿ. ಕಲ್ಲಾದ ಮೈಸೂರು ಪಾಕು ಕುಟ್ಟಿ ಪುಡಿ ಮಾಡಿಟ್ಟರೆ ಹಾಲಿಗೆ ಹಾಕಿ ಕುದಿಸಲು ದಿಢೀರ್ ಪಾಯಸದ ಪುಡಿ, ಬೇರೆ ಸಕ್ಕರೆ ಬೇಡ. ಕರಗಿದ ಜಾಮೂನಿಗೆ ಬಿಸಿ ಹಾಲು, ಏಲಕ್ಕಿ ಹಾಕಿ ಬಟ್ಟಲಲ್ಲಿ ಕೊಡಿ. ಗಟ್ಟಿಯಾದ ಚಟ್ನಿ ಅಕ್ಕಿರೊಟ್ಟಿಯ ಹಿಟ್ಟಿನೊಳಗೆ ಸೇರಿ ಮರೆಯಾಗುತ್ತದೆ. ಎರಡು ಪೊಟ್ಟಣ ಈನೋ ಬಿದ್ದ ಕೇಕಿಗೆ ಮಾತ್ರ ಮದ್ದಿಲ್ಲ, ಅದನ್ನು ಹಸುವೂ ಮೂಸಿ ಮುಂದೆ ಹೋಗುತ್ತದೆ.